ಪೆಟ್ಟಿಗೆಯೊಳಗಿನ ಅಕ್ಷರ

ಚೀಟಿ ಹಾಜರಿ ಪುಸ್ತಕದೊಳಗಿತ್ತು, ಹಾಜರಿ ಪುಸ್ತಕ ಬ್ಯಾಗಿನೊಳಗೆ, ಬ್ಯಾಗು ತೊಡೆಯ ಮೇಲೆ. ಆದರೂ ಬಸ್ಸಿನಲ್ಲಿದ್ದವರಿಗೆಲ್ಲ ಅದು ಕಾಣುತ್ತಿದೆ ಎಂದು ದ್ರಾಕ್ಷಾಯಣಿಗೆ ಅನ್ನಿಸುತ್ತಿತ್ತು. ಪಕ್ಕದ ಹೆಂಗಸು ಎಲೆಅಡಿಕೆ ಉಗಿಯಲು ಕಿಟಕಿಯ ಕಡೆ ಬಗ್ಗಿದಾಗಲೆಲ್ಲ ಬ್ಯಾಗನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ನಿನ್ನೆ ಸಂಜೆ ಪ್ರಿನ್ಸಿಪಾಲ್ ರುದ್ರಯ್ಯನವರು ಅದನ್ನು ಮಡಿಸಿ ಕೊಟ್ಟು, ಮನೆಗೆ ತಗೊಂಡು ಹೋಗಿ ನಿಧಾನವಾಗಿ ನೋಡಮ್ಮ, ಯಾರ ಅಕ್ಷರ ಅಂತ ಬೆಳಿಗ್ಗೆ ಹೇಳಿದರೆ ಸಾಕು ಎಂದಿದ್ದರು. ನೋಡ್ತೀನಿ ಸರ್ ಎಂದಿದ್ದಳು. ನೋಡುವುದಕ್ಕೆ ಏನೂ ಇರಲಿಲ್ಲ. ಅವರ ಕೈಯಿಂದ ತನ್ನ ಕೈಗೆ ಬರುವ ಮೊದಲೇ, ಮಡಿಕೆಯಿಂದ ಹೊರಗೆ ಇಣುಕುತ್ತಿದ್ದ ಒಂದೂವರೆ ಸಾಲಿನಲ್ಲೇ, ಬರೆದವಳ ಮುಖ ಎದುರಿಗೆ ಬಂದು ನಿಂತಿತ್ತು. ನೋಡ್ತೀನಿ ಅಂದದ್ದು ಸುಳ್ಳಾಯಿತೋ, ಅಥವಾ ಬರೀ ಕಾಲ ತಳ್ಳುವ ಮಾತೋ? ಮಾತನ್ನು ತೂಗಿ ಆಡುವವಳು ಎಂದು ತನ್ನ ಬಗ್ಗೆ ತಾನೇ ಅಂದುಕೊಂಡಿದ್ದವಳು ಆ ಒಂದು ಪದವನ್ನು ನಿನ್ನೆಯಿಂದ ಇಳಿಸಲಾಗದೆ ಹೊತ್ತುಕೊಂಡೇ ಇದ್ದಳು.

ಅಕ್ಷರ ಗುರುತಿಸುವ ಈ ವಿದ್ಯೆಯನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಕನ್ನಡ ಎಲ್ಲರಿಗೂ ಇದ್ದದ್ದರಿಂದ ಕಾಲೇಜಿನ ಇನ್ನೂರ ಮೂವತ್ತು ಮಕ್ಕಳ ಉತ್ತರ ಪತ್ರಿಕೆಯೂ ಅವಳ ಕೈ ದಾಟಿಯೇ ಹೋಗಬೇಕು. ಮೂರು ವರ್ಷದಲ್ಲಿ ಹೆಸರಿಗಿಂತ ಮೊದಲು ಅಕ್ಷರ ಪರಿಚಯವಾಗುವ ಹಾಗಾಗಿತ್ತು. ಪದವನ್ನೆಲ್ಲ ಬೋಳಾಗಿ ಬರೆದು ಕೊನೆಗೆ ಒಂದೇ ಸಲಕ್ಕೆ ತಲೆಕಟ್ಟು ಹಾಕಿಕೊಂಡು ಹೋಗುವವನೊಬ್ಬ. ಒತ್ತಕ್ಷರವನ್ನು ಕೆಳಗಿನ ಸಾಲಿನ ನೆತ್ತಿಗೇ ಇಳಿಸಿಬಿಡುವವಳೊಬ್ಬಳು. ಸಾಲು ಮುಗಿಯುತ್ತ ಬಂದಂತೆ ಗಾಳಿಗೆ ಸಿಕ್ಕ ಪೈರಿನ ಹಾಗೆ ಬಾಗುವವನು ಇನ್ನೊಬ್ಬ. ಈ ಚೀಟಿಯ ಅಕ್ಷರ ಗುಂಡಗೆ, ಒಂದಕ್ಕೊಂದು ತಾಗದೆ, ಕಣದಲ್ಲಿ ಕಾಫಿ ಹಣ್ಣು ಹರಡಿದ ಹಾಗೆ ಬಿಡಿಬಿಡಿಯಾಗಿತ್ತು. ಮೊದಲನೇ ವರ್ಷದ ಪುಷ್ಪಾಳದು. ವನಗೂರಿನ ಕಡೆಯ ಹುಡುಗಿ, ಸಕಲೇಶಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದುವವಳು. ಸ್ಟಾಫ್ ರೂಮಿಗೆ ಯಾರಾದರೂ ಹೆಸರು ಬರೆಯದ ಪತ್ರಿಕೆ ಹಿಡಿದು ಬಂದರೆ ದ್ರಾಕ್ಷಾಯಣಿ ಒಂದು ಕಣ್ಣು ಹಾಯಿಸಿ ಹೇಳಿಬಿಡುತ್ತಿದ್ದಳು. ಏನ್ರೀ ಇದು, ಕಣಿ ಹೇಳೋರ ಥರ ಹೇಳ್ತೀರಲ್ಲ ಎಂದು ಎಲ್ಲರೂ ನಗುತ್ತಿದ್ದರು. ವರ್ಷವರ್ಷ ಜೂನ್ ತಿಂಗಳಲ್ಲಿ ಮತ್ತೆ ಆದೇಶ ಪಡೆಯಬೇಕಾದ ಅರೆಕಾಲಿಕ ಉಪನ್ಯಾಸಕಿ ಅವಳು. ಸ್ಟಾಫ್ ರೂಮಿನಲ್ಲಿ ಅವಳಿಗೆಂದು ಕುರ್ಚಿಯೂ ಇರಲಿಲ್ಲ, ಯಾರು ಕ್ಲಾಸಿಗೆ ಹೋಗಿರುತ್ತಾರೋ ಅವರದರಲ್ಲಿ ಕೂರಬೇಕು. ಅಂಥ ಕಡೆ ಈ ಒಂದು ವಿದ್ಯೆಗಾಗಿ ತನ್ನನ್ನು ಹೆಸರು ಹಿಡಿದು ಕರೆಯುತ್ತಾರೆ ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು. ಆ ಹೆಮ್ಮೆ ನೆನಪಾದಾಗ ಈಗ ಬಾಯಲ್ಲಿ ಕಹಿ ಬಂದಂತಾಯಿತು.

ನಿನ್ನೆ ಆದದ್ದು ಇಷ್ಟೇ. ಬೆಳೆಗಾರರ ಟ್ರಸ್ಟು ನಡೆಸುವ ಕಾಲೇಜು ಅದು, ಆಲೂರಿಗೆ ಎರಡು ಮೈಲಿ ಇರುವಾಗಲೇ ರಸ್ತೆಯ ಪಕ್ಕದಲ್ಲಿ ಸಿಗುತ್ತದೆ. ತಪಾಸಣೆಗೆಂದು ವಿಶ್ವವಿದ್ಯಾಲಯದಿಂದ ಮೂವರು ಬಂದಿದ್ದರು. ಅವರಲ್ಲಿ ವಯಸ್ಸಾದವರೊಬ್ಬರು ಮೆಟ್ಟಿಲ ಕೆಳಗೆ ನೇತುಹಾಕಿದ್ದ ಹಸಿರು ತಗಡಿನ ಸಲಹಾ ಪೆಟ್ಟಿಗೆ ನೋಡಿ, ಇದನ್ನು ಯಾವಾಗಲಾದರೂ ತೆಗೆಯುತ್ತೀರೋ, ಬರೀ ಬಣ್ಣ ಹೊಡೆಸುತ್ತೀರೋ ಎಂದು ಕೇಳಿದರು. ಪ್ರತಿ ಶನಿವಾರ ತೆಗೀತೀವಿ ಸಾರ್ ಎಂದ ರುದ್ರಯ್ಯನವರು ಉತ್ಸಾಹದಲ್ಲಿ ಅಟೆಂಡರ್ ಭೂತಯ್ಯನನ್ನು ಕರೆದು ಆಗಲೇ ತೆಗೆಸಿದರು. ಒಳಗಿದ್ದದ್ದು ಒಂದೇ ಚೀಟಿ. ಆ ಹಿರಿಯರು ಕನ್ನಡಕ ಹಾಕಿಕೊಂಡು, ಪ್ರಿನ್ಸಿಪಾಲರ ಕೋಣೆಯಲ್ಲಿ ಎಲ್ಲರೂ ಕೂತಿದ್ದಾಗ, ಗಟ್ಟಿಯಾಗಿ ಓದಿದರು. ‘ಹೆಣ್ಣುಮಕ್ಕಳ ಪಾಯಿಖಾನೆಯ ಬೀಗದ ಕೈ ಪ್ರಿನ್ಸಿಪಾಲರ ಕುರ್ಚಿಯ ಹಿಂದಿನ ಮೊಳೆಯಲ್ಲಿದೆ. ಅದನ್ನು ಕೇಳಲು ನಾವು ಅವರ ಕೋಣೆಗೆ ಹೋಗಬೇಕು. ಅಲ್ಲಿ ಯಾವಾಗಲೂ ನಾಲ್ಕು ಜನ ಗಂಡಸರು ಕೂತಿರುತ್ತಾರೆ. ಆದ್ದರಿಂದ ನಾವು ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಬೀಗದ ಕೈಯನ್ನು ಬೇರೆ ಕಡೆ ಇಡಬೇಕೆಂದು ಕೋರುತ್ತೇನೆ.’ ಓದಿ ಮುಗಿಸಿ ಅವರು ತಲೆಯೆತ್ತಿ ಮೊಳೆಯನ್ನು ನೋಡಿದರು. ಆಮೇಲೆ ಉಳಿದಿಬ್ಬರೂ ನೋಡಿದರು. ಬೀಗದ ಕೈ ಅಲ್ಲಿಯೇ ಇತ್ತು, ಯಾರೂ ಎತ್ತಿಕೊಂಡು ಹೋಗದಿರಲೆಂದು ಕಟ್ಟಿದ್ದ ಗೇಣುದ್ದದ ಕಾಫಿ ಗಿಡದ ತುಂಡಿನ ಸಮೇತ. ರುದ್ರಯ್ಯನವರು ನಕ್ಕರು. ಸಂತೆಯ ದಿನ ರಸ್ತೆಯ ಜನವೆಲ್ಲ ಒಳಗೆ ನುಗ್ಗುತ್ತಿದ್ದರು, ಅದಕ್ಕೇ ಬೀಗ ಹಾಕಿಸಿದ್ದು ಎಂದು ವಿವರಿಸಿದರು. ಅದೂ ನಿಜವೇ. ಬಾಗಿಲ ಹತ್ತಿರ ಹಾರದ ತಟ್ಟೆ ಹಿಡಿದು ನಿಂತಿದ್ದ ದ್ರಾಕ್ಷಾಯಣಿ ನೆಲ ನೋಡಿದಳು. ಕಿವಿಯವರೆಗೂ ಬಿಸಿಯೇರಿತ್ತು. ನಾಚಿಕೆಯಿಂದಲೇ ಎಂದು ಆಗ ಅಂದುಕೊಂಡಿದ್ದಳು. ಅಲ್ಲ, ಅದು ತನ್ನ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿದಾಗ ಆಗುವಂಥದ್ದು ಎಂದು ಬಸ್ಸಿನಲ್ಲಿ ಕೂತ ಈಗ ಅನ್ನಿಸಿತು.

ಏಕೆಂದರೆ ಮೂರು ವರ್ಷದಲ್ಲಿ ಆ ಬೀಗದ ಕೈಯನ್ನು ಅವಳೂ ಒಂದೇ ಒಂದು ಸಲವೂ ಕೇಳಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ರಸ್ತೆ ದಾಟಿ, ಎಮ್ಮೆ ಸಾಕಿಕೊಂಡಿದ್ದ ಕೆಂಚಮ್ಮನೆಂಬವಳ ಮನೆಗೆ ಹೋಗುತ್ತಿದ್ದಳು, ಮಜ್ಜಿಗೆ ಕುಡಿಯುವ ನೆಪದಲ್ಲಿ. ಆ ನೆಪಕ್ಕೆಂದು ಒಂದು ಲೋಟ ಮಜ್ಜಿಗೆ ಕುಡಿಯಲೇಬೇಕಾಗಿತ್ತು, ಕುಡಿದದ್ದಕ್ಕೆ ಸಂಜೆ ಬಸ್ಸಿನಲ್ಲಿ ಅನುಭವಿಸಲೂಬೇಕಾಗಿತ್ತು. ಕೆಂಚಮ್ಮ ಎಲ್ಲ ಬಲ್ಲವಳು. ಏನ್ ಮೇಡಮ್ನೋರೇ, ಅಷ್ಟ್ ದೊಡ್ಡ ಕಾಲೇಜು ಕಟ್ಟವ್ರೆ, ಮಜ್ಜಿಗೆಗೆ ಒಂದ್ ಎಮ್ಮೆ ಇಲ್ವೇ, ಇನ್ನೊಂದ್ಕೆ ಜಾಗಾನೂ ಇಲ್ವೇ ಎಂದು ಹಿತ್ತಿಲ ಬಾಗಿಲು ತೋರಿಸುತ್ತಿದ್ದಳು. ದ್ರಾಕ್ಷಾಯಣಿ ನಗುತ್ತಿದ್ದಳು. ಕನ್ನಡ ಎಂ.ಎ. ಮಾಡಿದವಳು, ಪತ್ರ ಲೇಖನವನ್ನೂ ಪಾಠ ಮಾಡುವವಳು, ಮಾನ್ಯರೇ ಎಂದು ಶುರುಮಾಡಿ ನಾಲ್ಕು ಸಾಲು ಬರೆಯಲು ಅವಳಿಗೇನೂ ಕಷ್ಟವಿರಲಿಲ್ಲ. ಆದರೆ ಯಾವ ಪದ ಹಾಕಿದರೆ ಸಭ್ಯ, ಯಾವುದು ಹಾಕಿದರೆ ಅತಿ ಎಂದು ಯೋಚಿಸಿಯೇ ಮೂರು ವರ್ಷ ಕಳೆದಿದ್ದಳು. ಆ ಹುಡುಗಿ ಪಾಯಿಖಾನೆ ಎಂದೇ ಬರೆದಿದ್ದಳು.

ಬಸ್ಸು ನಿಂತು ಹೊರಟಿತು. ಹೊರಗೆ ಯಾರದೋ ಕಣದಲ್ಲಿ ಕಾಫಿ ಒಣಗುವ ಹುಳಿವಾಸನೆ. ಆ ವಾಸನೆಯ ಬೆನ್ನಿಗೇ, ಈಗ ಕೊನೆಯ ವರ್ಷದಲ್ಲಿರುವ ನಂಜುಂಡನ ಅಪ್ಪ ನೆನಪಿನಲ್ಲಿ ಬಂದು ನಿಂತ. ಹೋದ ವರ್ಷವೂ ಇದೇ ಕುಯ್ಲಿನ ಕಾಲ. ಶನಿವಾರದ ಚೀಟಿಗಳನ್ನು ಭೂತಯ್ಯ ಸ್ಟಾಫ್ ರೂಮಿಗೆ ತಂದು ಮೇಜಿನ ಮೇಲೆ ಸುರಿದಾಗ ಒಂದರಲ್ಲಿ ಬರೆದಿತ್ತು: ‘ಇತಿಹಾಸದ ಪಾಠ ಕಾಫಿ ಕುಯ್ಲು ಶುರುವಾದಾಗ ನಿಂತದ್ದು ಇನ್ನೂ ಶುರುವಾಗಿಲ್ಲ. ಪರೀಕ್ಷೆ ಮಾತ್ರ ನಿಲ್ಲುವುದಿಲ್ಲವಂತೆ.’ ಇತಿಹಾಸದ ದೇವೀರಪ್ಪನವರು ಟ್ರಸ್ಟಿನ ಕಾರ್ಯದರ್ಶಿಯ ತಮ್ಮ, ಅರವತ್ತು ಎಕರೆ ತೋಟದವರು. ಡಿಸೆಂಬರಿನಿಂದ ಫೆಬ್ರವರಿವರೆಗೆ ಅವರು ತೋಟದಲ್ಲೇ ಇರುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಎಲ್ಲರೂ ನಕ್ಕರು. ಆ ನಗುವಿನ ನಡುವೆ ಯಾರೋ ಇದ್ಯಾರದ್ರೀ ಎಂದು ಚೀಟಿಯನ್ನು ಅವಳ ಕಡೆ ತಳ್ಳಿದರು. ಓ, ಇದು ನಂಜುಂಡಂದು, ಎಂದುಬಿಟ್ಟಳು. ನೋಡಿ, ದೀರ್ಘ ಎಳೆಯೋದು ನೋಡಿ, ಎಂದು ಬೆರಳಿಟ್ಟು ತೋರಿಸಿದಳು ಕೂಡ. ಚೆನ್ನಾಗಿ ಬರೆದ ಹುಡುಗನನ್ನು ಮೆಚ್ಚುವ ಧಾಟಿಯಲ್ಲೇ ಅಂದಿದ್ದಳು. ಆದರೆ ಹೆಸರು ಹೆಸರೇ. ಸೋಮವಾರ ನಂಜುಂಡನ ಅಪ್ಪನನ್ನು ಕರೆಸಿದರು. ಅವನು ಅದೇ ಕಾರ್ಯದರ್ಶಿಯ ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ ಬರೆಯುವವನು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಚಪ್ಪಲಿ ಹೊರಗೆ ಬಿಟ್ಟು ಪ್ರಿನ್ಸಿಪಾಲರ ಕೋಣೆಯ ಮುಂದೆ ಹತ್ತು ಗಂಟೆಯಿಂದ ಒಂದು ಗಂಟೆಯವರೆಗೆ ನಿಂತಿದ್ದ. ಹಾಜರಿ ಪುಸ್ತಕವನ್ನು ಎದೆಗೊತ್ತಿಕೊಂಡು ಅವಳು ಮೂರು ಸಲ ಅವನ ಮುಂದೆ ದಾಟಿದಳು, ಮೂರು ಸಲವೂ ಅವನು ಮೇಡಂ ಎಂದು ಕೈಮುಗಿದ. ಕೊನೆಗೆ ಒಳಗೆ ಕರೆದರು. ದೇವೀರಪ್ಪನವರು ದೊಡ್ಡ ಮನಸ್ಸು ಮಾಡಿ ಹುಡುಗನ ಬೆನ್ನು ತಟ್ಟಿ, ಹುಡುಗ್ ಬುದ್ಧಿ ಬಿಡ್ರೀ ಎಂದರಂತೆ. ಏನೂ ಆಗಲಿಲ್ಲ. ನಂಜುಂಡನ ಮುಂದಿನ ಪತ್ರಿಕೆಯ ಅಕ್ಷರ ಮಾತ್ರ ಬಸ್ಸಿನ ಬೋರ್ಡಿನಲ್ಲಿರುವಂಥದ್ದಾಗಿತ್ತು, ನೆಟ್ಟಗೆ, ಯಾರದೂ ಅಲ್ಲದ್ದು. ಪೆಟ್ಟಿಗೆ ಬಹುಕಾಲ ಖಾಲಿ ಬಿದ್ದಿತ್ತು. ಆಮೇಲೆ ಬಂದ ಒಂದೆರಡು ಚೀಟಿ ಎಡಗೈಯಲ್ಲಿ ಬರೆದಂಥವು.

ಈ ಹುಡುಗಿ ಎಡಗೈಯಲ್ಲಿ ಬರೆದಿಲ್ಲ. ಅದೇ ದ್ರಾಕ್ಷಾಯಣಿಯನ್ನು ಕಾಡುತ್ತಿದ್ದದ್ದು. ಕಿಬ್ಬೊಟ್ಟೆಯ ಸಂಕಟವನ್ನು ಹೀಗೆ ಬಿಡಿಬಿಡಿಯಾಗಿ, ಒಂದು ಅಕ್ಷರವನ್ನೂ ಬಚ್ಚಿಡದೆ ಬರೆದಿದ್ದಾಳೆಂದರೆ, ಓದುವವರು ಕನ್ನಡ ಮೇಡಂ, ಅವರು ಹೆಣ್ಣು, ಅವರು ಹೇಳಲಾರರು ಎಂದು ನಂಬಿಯೇ ಅಲ್ಲವೇ? ಅಷ್ಟೊಂದು ನಂಬಿಕೆಗೆ ತಾನು ಏನು ಮಾಡಿದ್ದೆ? ಬೆಳಿಗ್ಗೆ ಹೊರಡುವಾಗ ಗಂಡ ಬಸವರಾಜು ಹೇಳಿದ್ದು ನೆನಪಾಯಿತು. ಹೆಸರು ಹೇಳಿ ಕೈ ತೊಳ್ಕೋ ಮಾರಾಯ್ತಿ, ಜೂನ್ ಬರ್ತಾ ಇದೆ, ನೀನೇನು ಊರಿಗೆಲ್ಲ ವಕಾಲತ್ತು ಹಾಕಿದೀಯಾ? ಅವನು ಕೆಟ್ಟವನಲ್ಲ, ಅವಳ ಆತಂಕ ಕಂಡೇ ಹಾಗೆ ಅಂದದ್ದು. ಅವಳಿಗೂ ಒಂದು ದಾರಿ ಹೊಳೆದಿತ್ತು. ಸರಿಯಾಗಿ ಗೊತ್ತಾಗ್ತಾ ಇಲ್ಲ ಸರ್, ಎನ್ನುವುದು. ಮೆತ್ತಗಿನ ಮಾತು, ಯಾರಿಗೂ ತರಚುವುದಿಲ್ಲ. ಬಸ್ಸಿಳಿದು ಗೇಟಿನವರೆಗೆ ನಡೆಯುವಾಗ ಅದನ್ನೇ ನಾಲಿಗೆಯ ಮೇಲೆ ಇಟ್ಟುಕೊಂಡು ನೋಡಿದಳು.

ಮೊದಲ ಗಂಟೆ ಮೊದಲನೇ ವರ್ಷಕ್ಕೆ. ಹಾಜರಿ ಕೂಗುವಾಗ ಪುಟಗಳ ನಡುವೆ ಚೀಟಿ ಇತ್ತು. ಪುಷ್ಪಾ ಎನ್ನುವಾಗ ಧ್ವನಿ ಎತ್ತರವಾಯಿತೋ ಎಂದು ಭಯವಾಯಿತು. ಪ್ರೆಸೆಂಟ್ ಮೇಡಂ ಎಂದು ಎರಡನೇ ಬೆಂಚಿನಿಂದ ಬಂತು, ಯಾವಾಗಿನ ಹಾಗೆಯೇ. ಹುಡುಗಿ ಗೆಳತಿಯ ಜಡೆಯಿಂದ ಬಿದ್ದ ಪಿನ್ನನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ಅವಳ ಕಣ್ಣಲ್ಲಿ ಏನಾದರೂ ಗುಟ್ಟು, ಒಂದು ಕೇಳಿಕೆ, ಇದ್ದೀತೆಂದು ದ್ರಾಕ್ಷಾಯಣಿ ಪಾಠದುದ್ದಕ್ಕೂ ಹುಡುಕಿದಳು. ಏನೂ ಕಾಣಲಿಲ್ಲ. ಎಂಥ ಗಟ್ಟಿ ಹುಡುಗಿ ಅಂದುಕೊಂಡಳು. ಪಕ್ಕದ ಕೋಣೆಯಿಂದ ರುದ್ರಯ್ಯನವರ ಧ್ವನಿ ಕೇಳುತ್ತಿತ್ತು. ಅವರು ರಾಜ್ಯಶಾಸ್ತ್ರದವರು, ಸಂವಿಧಾನದ ನೋಟ್ಸನ್ನು ನಿಧಾನವಾಗಿ, ಎರಡೆರಡು ಸಲ ಹೇಳಿ ಬರೆಸುತ್ತಾರೆ. ಹತ್ತೊಂಬತ್ತನೇ ವಿಧಿ, ವಾಕ್ ಸ್ವಾತಂತ್ರ್ಯ, ಅಲ್ಪವಿರಾಮ, ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ. ಎಪ್ಪತ್ತು ಪೆನ್ನುಗಳು ಒಟ್ಟಿಗೆ ಓಡುವ ಸದ್ದು ಗೋಡೆಯಾಚೆ ಕೇಳಿಸಿದಂತಾಯಿತು. ಅವರು ಒಳ್ಳೆಯ ಮೇಷ್ಟ್ರು. ಅವರ ನೋಟ್ಸು ಓದಿ ಯಾರೂ ಫೇಲಾದದ್ದಿಲ್ಲ.

ಹನ್ನೊಂದಕ್ಕೆ ಭೂತಯ್ಯ ಬಂದು ಸಾಹೇಬ್ರು ಕರೀತಾವ್ರೆ ಎಂದ. ಕೋಣೆಯಲ್ಲಿ, ತಪಾಸಣೆಗೆಂದು ತೋಟ ಬಿಟ್ಟು ಬಂದಿದ್ದ ದೇವೀರಪ್ಪನವರು ಕಾಲು ಚಾಚಿ ಕೂತಿದ್ದರು, ಟ್ರಸ್ಟಿನವರು ಇಬ್ಬರು ಕಾಫಿ ಕುಡಿಯುತ್ತಿದ್ದರು. ಚೀಟಿಯಲ್ಲಿ ಬರೆದಿದ್ದಂತೆ ನಾಲ್ಕು ಜನ ಸರಿಯಾಗಿದ್ದರು. ರುದ್ರಯ್ಯನವರ ಹೆಗಲ ಮೇಲೆ, ಗೋಡೆಯಲ್ಲಿ, ಮೊಳೆ. ದ್ರಾಕ್ಷಾಯಣಿ ಹಾಜರಿ ಪುಸ್ತಕ ತೆರೆದು ಚೀಟಿಯನ್ನು ಮೇಜಿನ ಗಾಜಿನ ಮೇಲೆ ಇಟ್ಟಳು.

"ನೋಡಿದ್ರಾಮ್ಮ?"

"ನೋಡಿದೆ ಸರ್."

"ಯಾರದು?"

ಸಿದ್ಧಮಾಡಿಕೊಂಡಿದ್ದ ಮೆತ್ತಗಿನ ಮಾತು ತುಟಿಯವರೆಗೆ ಬಂತು. ಗೊತ್ತಾಗುತ್ತಿಲ್ಲ ಎಂದರೆ ಮುಗಿಯಿತು. ಆದರೆ ಮುಗಿಯುವುದಿಲ್ಲ, ಮುಂದಿನ ವಾರ ಇನ್ನೊಂದು ಚೀಟಿ, ಇನ್ನೊಂದು ಸಲ ನೋಡಮ್ಮ. ಅದಕ್ಕಿಂತ ಹೆಚ್ಚಾಗಿ, ಗಾಜಿನ ಮೇಲೆ ಬಿಚ್ಚಿಕೊಂಡು ಬಿದ್ದಿದ್ದ ಆ ಗುಂಡು ಅಕ್ಷರಗಳನ್ನು ನೋಡುತ್ತ, ಇವು ಯಾರವೋ ಗೊತ್ತಿಲ್ಲ ಎನ್ನುವುದು ಮನೆಗೆ ಬಂದ ಹುಡುಗಿಯನ್ನು ಬಾಗಿಲಲ್ಲೇ ನಿಲ್ಲಿಸಿ ನೀನ್ಯಾರೆಂದು ಕೇಳಿದಷ್ಟೇ ಹೀನ ಅನ್ನಿಸಿತು.

"ಗೊತ್ತು ಸರ್," ಎಂದಳು. "ಆದರೆ ಹೇಳೋದಿಲ್ಲ."

ತಾನು ಹೇಳಿದ್ದು ತನಗೇ ತಡವಾಗಿ ಕೇಳಿಸಿತು. ಟ್ರಸ್ಟಿನವರೊಬ್ಬರು ಲೋಟ ಕೆಳಗಿಟ್ಟರು. ರುದ್ರಯ್ಯನವರಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾದ ಹಾಗಿತ್ತು. ನಾನೇನು ಅವಳನ್ನು ನೇಣಿಗೆ ಹಾಕುತ್ತೀನಾ ತಾಯಿ, ಅವರಪ್ಪನನ್ನು ಕರೆಸಿ ಒಂದು ಮಾತು ಹೇಳಬೇಕು ಅಷ್ಟೆ, ಹೊರಗಿನವರ ಮುಂದೆ ಕಾಲೇಜಿನ ಮಾನ ಹೋಯಿತಲ್ಲ ಎಂದರು. ಒಂದು ಮಾತು ಎಂದರೆ ಹತ್ತರಿಂದ ಒಂದರವರೆಗೆ ಎಂದು ಅವಳಿಗೆ ಗೊತ್ತಿತ್ತು. ಅಷ್ಟರಲ್ಲಿ ದೇವೀರಪ್ಪನವರು ಅವಳ ಕಡೆ ತಿರುಗಿದರು. ಅವರ ಧ್ವನಿಯಲ್ಲಿ ಜಗಳವಿರಲಿಲ್ಲ, ಒಂಥರಾ ಮೋಜಿತ್ತು.

"ಹೋದ್ ವರ್ಸ ನನ್ ಮ್ಯಾಲ್ ಬರ್ದಿದ್ ಚೀಟಿಗೆ ಕಣ್ ಮಿಟುಕಿಸೋದ್ರೊಳ್ಗೆ ಹೆಸ್ರು ಹೇಳ್ಬುಟ್ರಲ್ಲ ಮೇಡಂ. ಈಗೇನು, ಕಣ್ಣಿಗೆ ಪೊರೆ ಬಂತಾ?"

ಈ ಮಾತಿಗೆ ಅವಳು ವರ್ಷದಿಂದ ಕಾಯುತ್ತಿದ್ದಳು. ಯಾರ ಬಾಯಿಂದಲಾದರೂ ಬರಬಹುದೆಂದು, ತರಗತಿಯಲ್ಲಿ, ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ. ಬಂದದ್ದು ಇವರ ಬಾಯಿಂದ. ಎಷ್ಟೋ ಹಗುರವಾಯಿತು.

"ಪೊರೆ ಇಲ್ಲ ಸರ್. ಅವತ್ತು ಹೇಳಿದ್ದು ತಪ್ಪು."

ರುದ್ರಯ್ಯನವರು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿ, ಜೂನ್ ಏನು ದೂರ ಇಲ್ಲ, ಯೋಚನೆ ಮಾಡಿ ಮಾತಾಡಬೇಕು ಎಂದರು. ಹೆದರಿಸುವುದಕ್ಕಿಂತ ಹೆಚ್ಚಾಗಿ ಅವಳ ಪರವಾಗಿ ಚಿಂತಿಸುವವರ ಹಾಗೆ. ಹೌದು ಸರ್ ಎಂದಳು. ಹೊರಡಬಹುದಿತ್ತು. ಬೆಳಿಗ್ಗೆ ಏಳಕ್ಕೆ ಮನೆಯಲ್ಲಿ ಕುಡಿದ ಕಾಫಿಗೆ ಕಿಬ್ಬೊಟ್ಟೆ ಕಲ್ಲಾಗಿತ್ತು. ಕೆಂಚಮ್ಮನ ಹಿತ್ತಿಲಿಗೆ ಇನ್ನೂ ಎರಡು ಗಂಟೆ. ನಾಚಿಕೆ ಎನ್ನುವುದು ಎಷ್ಟು ಆಳವೆಂದು ಅಳೆಯಲು ಮೂರು ವರ್ಷ ದಂಡೆಯಲ್ಲೇ ನಿಂತಿದ್ದವಳು, ಇಳಿದರೆ ಮೊಣಕಾಲುದ್ದ ಇದ್ದೀತೇನೋ ಎಂಬಂತೆ, ಮೊಳೆಯ ಕಡೆ ನೋಡಿದಳು.

"ಸರ್, ಆ ಬೀಗದ ಕೈ ಬೇಕಿತ್ತು."

"ಯಾತಕ್ಕೆ?"

"ನನಗೆ."

ಅವರು ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ತಿರುಗಬೇಕಾಯಿತು. ತಿರುಗಿ, ಕೈಯೆತ್ತಿ, ತುಂಡಿನ ಸಮೇತ ತೆಗೆದು, ಅವಳ ಮುಖ ನೋಡದೆ ಮೇಜಿನ ಮೇಲೆ ಇಟ್ಟರು. ಟ್ರಸ್ಟಿನವರಿಬ್ಬರೂ ಒಟ್ಟಿಗೆ ಕಿಟಕಿಯ ಹೊರಗೆ ನೋಡಿದರು. ದೇವೀರಪ್ಪನವರು ಚಾಚಿದ್ದ ಕಾಲನ್ನು ಎಳೆದುಕೊಂಡು ದಾರಿ ಬಿಟ್ಟರು. ಇಷ್ಟು ದಿನ ಹುಡುಗಿಯರು ನಿಂತು ಕೇಳಬೇಕಾಗಿದ್ದ ಜಾಗದಲ್ಲಿ ತಾನು ನಿಂತಿದ್ದೇನೆ ಎಂದು ಅವಳಿಗೆ ಅನ್ನಿಸಿತು. ಇಲ್ಲಿಂದ ನೋಡಿದರೆ ಕೂತವರ ಮುಖವೇ ಹೆಚ್ಚು ಕೆಂಪಾಗಿ ಕಾಣುತ್ತಿತ್ತು. ಆ ಕಟ್ಟಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ, ಹಿಡಿದುಕೊಂಡು, ವರಾಂಡದುದ್ದಕ್ಕೂ ನಡೆದು ಹೋದಳು. ಕ್ಲಾಸುಗಳ ಕಿಟಕಿಯಿಂದ ಮಕ್ಕಳು ನೋಡುತ್ತಿದ್ದರು. ನೋಡಲಿ.

ವಾಪಸು ಬರುವಾಗ ನಲ್ಲಿಯ ಹತ್ತಿರ ಪುಷ್ಪಾ ಒಬ್ಬಳೇ ಸಿಕ್ಕಳು, ಊಟದ ಡಬ್ಬಿಯ ಮುಚ್ಚಳ ತೊಳೆಯುತ್ತ. ದ್ರಾಕ್ಷಾಯಣಿ ಹತ್ತಿರ ಹೋಗಿ ಧ್ವನಿ ತಗ್ಗಿಸಿದಳು. ಆ ಚೀಟಿ ನಿನ್ನದೆಂದು ನನಗೆ ಗೊತ್ತು, ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ ಎಂದಳು. ಹುಡುಗಿಯ ಕಣ್ಣು ತುಂಬಿಕೊಳ್ಳಬಹುದು, ನಿಮ್ಮನ್ನೇ ನಂಬಿದ್ದೆ ಮೇಡಂ ಎನ್ನಬಹುದು ಎಂದು ಅವಳಿಗೇ ತಿಳಿಯದ ಹಾಗೆ ಮನಸ್ಸು ಕಾದಿತ್ತು. ಪುಷ್ಪಾ ಬಾಯಿ ತೆರೆದು ನಿಂತಳು.

"ಹೆಂಗ್ ಗೊತ್ತಾಯ್ತು ಮೇಡಂ? ನಾನು ಹೆಸ್ರೇ ಹಾಕಿರ್ಲಿಲ್ವಲ್ಲ."

"ಅಕ್ಷರ ನೋಡಿ."

"ಅಯ್ಯ, ಅಕ್ಷರ ನೋಡುದ್ರೆ ಗೊತ್ತಾಯ್ತದಾ?"

ಪೆಟ್ಟಿಗೆಯನ್ನು ಯಾರು ತೆಗೆಯುತ್ತಾರೆ, ಯಾರು ಓದುತ್ತಾರೆ ಎಂದುಕೊಂಡಿದ್ದೆ ಎಂದು ದ್ರಾಕ್ಷಾಯಣಿ ಕೇಳಿದಳು. ಹುಡುಗಿ ಆ ಬಗ್ಗೆ ಯೋಚಿಸಿಯೇ ಇರಲಿಲ್ಲ. ನಿನ್ನೆ ಅದನ್ನು ಗಟ್ಟಿಯಾಗಿ ಓದಿದ್ದೂ, ಅದರಿಂದ ಇಷ್ಟೆಲ್ಲ ಆದದ್ದೂ ಅವಳಿಗೆ ಗೊತ್ತಿರಲಿಲ್ಲ. "ಅದರ್ ಮ್ಯಾಲೆ ನಿಮ್ಮ ಸಲಹೆ ಇಲ್ಲಿ ಹಾಕಿ ಅಂತ ಬರ್ದೈತಲ್ಲ ಮೇಡಂ," ಎಂದಳು. "ನಂದೊಂದಿತ್ತು, ಹಾಕ್ದೆ."

ನಂದೊಂದಿತ್ತು, ಹಾಕ್ದೆ. ದ್ರಾಕ್ಷಾಯಣಿಗೆ ಮೊದಲು ಮೆಟ್ಟಿಲು ತಪ್ಪಿದ ಹಾಗಾಯಿತು. ಯಾವ ನಂಬಿಕೆಯ ಭಾರ ಹೊತ್ತು ನಿನ್ನೆಯಿಂದ ನಡೆದಿದ್ದಳೋ ಅದು ಇರಲೇ ಇಲ್ಲ. ಆಮೇಲೆ, ಆ ಇಲ್ಲದ ಜಾಗದಲ್ಲಿ, ಇನ್ನೊಂದು ಮೆಲ್ಲಗೆ ತುಂಬಿಕೊಂಡಿತು. ಪೆಟ್ಟಿಗೆ ಎಂದರೆ ಪೆಟ್ಟಿಗೆ, ಹಾಕಿ ಎಂದರೆ ಹಾಕುವುದು, ಹೇಳಬೇಕಾದ್ದು ಇದ್ದರೆ ಹೇಳುವುದು ಎಂದು ತಿಳಿದ ಒಂದು ಜೀವ ಈ ಕಾಂಪೌಂಡಿನೊಳಗೆ ಇನ್ನೂ ಇತ್ತು. ಅವಳಿಗೆ ಯಾರೂ ಭಯ ಕಲಿಸಿರಲಿಲ್ಲ, ಕಲಿಸುವ ಮೊದಲೇ ಅವಳು ಬರೆದಿದ್ದಳು. ಇನ್ನು ಮೇಲೆ ಹುಷಾರಾಗಿರು ಎನ್ನಲು ಬಾಯಿ ತೆರೆದಿದ್ದ ದ್ರಾಕ್ಷಾಯಣಿ ಆ ಮಾತನ್ನು ನುಂಗಿಕೊಂಡಳು. ಅದನ್ನು ತನ್ನ ಬಾಯಿಂದ ಈ ಹುಡುಗಿ ಕಲಿಯುವುದು ಬೇಡ.

"ಚೆನ್ನಾಗಿ ಬರೆದಿದ್ದೀಯ," ಎಂದಳು. "ಒಂದು ಮಾತೂ ಹೆಚ್ಚಿಲ್ಲ."

"ಇಂಟರ್ನಲ್ಸ್‌ಗೆ ಸೇರಿಸ್ಕಳಿ ಮೇಡಂ," ಎಂದು ಪುಷ್ಪಾ ನಕ್ಕು ಓಡಿದಳು.

ಬೀಗದ ಕೈ ಮರಳಿ ಕೊಡಲು ಹೋದಾಗ ರುದ್ರಯ್ಯನವರು ಒಬ್ಬರೇ ಇದ್ದರು, ಯಾವುದೋ ಫೈಲಿನಲ್ಲಿ ತಲೆಯಿಟ್ಟು. ಚೀಟಿ ಮೇಜಿನ ಮೇಲಿರಲಿಲ್ಲ. ಹರಿದರೋ, ಡ್ರಾಯರಿನಲ್ಲಿ ಹಾಕಿದರೋ ತಿಳಿಯಲಿಲ್ಲ. ಅವಳು ಮೊಳೆಯ ಕಡೆ ಕೈ ಚಾಚಿದಾಗ ತಲೆಯೆತ್ತದೆ, ಬೇಡ, ನೀವೇ ಇಟ್ಕೊಳ್ಳಿ ಎಂದರು. ಹೆಣ್ಣುಮಕ್ಕಳ ವ್ಯವಹಾರ ಹೆಣ್ಣುಮಕ್ಕಳೇ ನೋಡಿಕೊಳ್ಳಿ, ಕಳೆದರೆ ನೀವೇ ಜವಾಬ್ದಾರಿ, ನನಗೆ ಬೇರೆ ಕೆಲಸ ಇಲ್ಲವೇ? ಸಿಟ್ಟಿನ ಮಾತು, ಆದರೂ ಅವಳು ಬಾಗಿಲು ದಾಟುವಾಗ ಇನ್ನೊಂದು ಸೇರಿಸಿದರು. ಯಾರದ್ದು ಅಂತ ನಾನು ಮತ್ತೆ ಕೇಳಲ್ಲ ಬಿಡಿ. ಅವಳು ಆಗಲಿ ಸರ್ ಎಂದಳು. ಅದಕ್ಕಿಂತ ದೊಡ್ಡದೇನಾದರೂ ಹೇಳಬೇಕಿತ್ತು ಎಂದು ಹೊರಗೆ ಬಂದ ಮೇಲೆ ಅನ್ನಿಸಿತು. ಜೂನ್ ತಿಂಗಳ ಬಗ್ಗೆ ಅವರು ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಮೂರೂವರೆಗೆ ಕೊನೆಯ ವರ್ಷದವರ ಕ್ಲಾಸು ಬಿಟ್ಟಿತು. ಏಪ್ರಿಲ್ ಕಳೆದರೆ ನಂಜುಂಡ ಹೋಗಿಬಿಡುತ್ತಾನೆ. ರಸ್ತೆಯ ಬದಿಯ ಸಿಲ್ವರ್ ಮರದ ಕೆಳಗೆ ಅವನು ಬಸ್ಸಿಗೆ ನಿಂತಿದ್ದಾಗ ಅವಳು ಹೋಗಿ ಎದುರಿಗೆ ನಿಂತಳು. ಬೆಳಿಗ್ಗೆ ನಾಲ್ಕು ಗಂಡಸರ ಮುಂದೆ ಬಂದ ಧೈರ್ಯ ಈಗ ಬರಲಿಲ್ಲ. ಹೋದ ವರ್ಷ ಆ ಚೀಟಿ ನಿನ್ನದೆಂದು ಹೇಳಿದ್ದು ನಾನು ಎಂದಳು. ತಮಾಷೆಗೆ, ಮೆಚ್ಚಿಕೊಂಡು, ಮುಂತಾದ ಪದಗಳನ್ನೆಲ್ಲ ಕೈಬಿಟ್ಟು ಇಷ್ಟನ್ನೇ ಹೇಳಿದಳು.

"ಗೊತ್ತು ಮೇಡಂ."

"ಯಾವಾಗಿಂದ?"

"ಅವತ್ತಿಂದ್ಲೇ. ನನ್ ಅಕ್ಷರ ನಿಮ್ಗಲ್ದೆ ಇನ್ಯಾರ್ಗೆ ಗೊತ್ತಾಯ್ತದೆ?" ಅವನು ಬಸ್ಸು ಬರುವ ಕಡೆ ನೋಡಿದ. "ಗೊತ್ತಾಗ್ಲಿ ಅಂತ್ಲೇ ಹಂಗ್ ಬರ್ದಿದ್ದೆ. ನಿಮ್ ಕೈಗೆ ಬತ್ತದೆ, ನೀವಾದ್ರೆ ಸಾಹೇಬ್ರಿಗೆ ಹಿಂಗಿಂಗೆ ಅಂತ ಸರ್ಯಾಗಿ ಹೇಳ್ತೀರಿ ಅಂದ್ಕಂಡಿದ್ದೆ."

ದೂರಿನ ಧಾಟಿಯಿರಲಿಲ್ಲ. ಬಸ್ಸು ಇವತ್ತು ಲೇಟು ಎನ್ನುವ ಹಾಗೆ ಹೇಳಿದ್ದ. ದ್ರಾಕ್ಷಾಯಣಿ ಮರಕ್ಕೆ ಕೈ ಕೊಟ್ಟು ನಿಂತಳು. ಇಡೀ ದಿನ ಅವಳು ಹುಡುಕಿದ ನಂಬಿಕೆ ಇದು, ಇಲ್ಲಿತ್ತು. ಹುಡುಗಿಯ ಚೀಟಿಯಲ್ಲಲ್ಲ, ತಾನು ಬೆರಳಿಟ್ಟು ನಗುತ್ತ ತೋರಿಸಿದ ಚೀಟಿಯಲ್ಲಿ. ಒಮ್ಮೆ ತನ್ನನ್ನು ಯಾರೋ ಅಷ್ಟು ನಂಬಿದ್ದರು, ಅದು ತನಗೆ ತಿಳಿಯಲೇ ಇಲ್ಲ. ತಪ್ಪಾಯಿತು ಕಣಪ್ಪ ಎಂದಳು. ಅವನು ಮುಜುಗರದಿಂದ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ. ಬಿಡಿ ಮೇಡಂ ಎಂದ. ಇನ್ನೇನಾದರೂ ಹೇಳಿ ಅವಳನ್ನು ಸಮಾಧಾನ ಮಾಡಬೇಕು ಅನ್ನಿಸಿತೋ ಏನೋ, ಅವತ್ತು ಮನೆಗೆ ಹೋದ ಮೇಲೆ ಅಪ್ಪ ಕೇಳಿದ್ದನ್ನು ಹೇಳಿದ. ಬರೆದದ್ದು ನಿಜವೋ ಸುಳ್ಳೋ ಎಂದು ಮೊದಲು ಕೇಳಿದನಂತೆ. ನಿಜ ಎಂದನಂತೆ ಇವನು. ಅದಕ್ಕೆ ಅಪ್ಪ, "ಹಂಗಾರೆ ಅಕ್ಷರನಾರ ಸುದ್ದವಾಗಿ ಬರ್ದಿದ್ದೇನ್ಲಾ" ಎಂದನಂತೆ. "ರೈಟರ್ ಅಲ್ವಾ ಮೇಡಂ," ಎಂದು ನಂಜುಂಡ ನಕ್ಕ.

ಅವಳೂ ನಕ್ಕಳು, ನಗುವಾಗ ಕಣ್ಣು ಮಂಜಾಯಿತು. ಏನಾದರೂ ಹೇಳಬೇಕಿತ್ತು. ಧನ್ಯವಾದ ಎನ್ನುವ ಪದ ವೇದಿಕೆಯದ್ದು, ವಂದನಾರ್ಪಣೆಗೆ ಅವಳೇ ಎಷ್ಟೋ ಸಲ ಬರೆದುಕೊಟ್ಟದ್ದು. ಇವನ ಅಪ್ಪನಿಗೆ, ಇವನಿಗೆ, ಆ ಹುಡುಗಿಗೆ ಅದು ಸಾಲದು, ಹೊಂದುವುದೂ ಇಲ್ಲ. ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿತು. ಇನ್ನು ಹೊತ್ತಿಲ್ಲವೆಂದು, ತೂಗಿ ನೋಡದೆ, ಬಾಯಿಗೆ ಬಂದದ್ದನ್ನು ಕೇಳಿಬಿಟ್ಟಳು.

"ಊಟ ಆಯ್ತೇನಪ್ಪ ನಿಂದು?"

ಮೂರೂವರೆ ದಾಟಿದ ಹೊತ್ತಿನಲ್ಲಿ ಆ ಮಾತು ಕೇಳಿ ಅವನಿಗೆ ಮತ್ತೆ ನಗು ಬರುವುದರಲ್ಲಿತ್ತು. ಅವಳ ಮುಖ ನೋಡಿದ. ಬಂದು ನಿಂತ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಡಕ್ಟರ್ ಗದರುತ್ತಿದ್ದರೂ ನಿಂತು, "ಆಯ್ತು ಮೇಡಂ," ಎಂದ. "ನಿಮ್ದು?"